ಬಂದು ವಾರವಾಗಿಲ್ಲ, ನಮಗೂ ಲಸಿಕೆ ಸಿಗುತ್ತದೆಯೇ? ಹೊಸಬರಿಗೆ ಮಾರ್ಗದರ್ಶಿ

ಸಾಂಕ್ರಾಮಿಕದ ನಡುವೆಯೇ ಹೊಸ ದೇಶಕ್ಕೆ ಬಂದಿಳಿದ ಕನ್ನಡ ಕುಟುಂಬಗಳಿಗಾಗಿ ನಮ್ಮ ಸಂಘ ಇದನ್ನು ಬರೆದಿದೆ. ಉದಾಹರಣೆಗಳು ಹೆಚ್ಚಾಗಿ ಕೋವಿಡ್ ಕಾಲದವು. ಮುಂದೆ ಬೇರೆ ಸೋಂಕು ಬಂದರೆ ಲಸಿಕೆಯ ಹೆಸರು, ಡೋಸುಗಳ ಲೆಕ್ಕ ಬದಲಾದೀತು. ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳು, ಫಾರಂ ತುಂಬುವಾಗ ಎಡವುವ ಜಾಗಗಳು ಮಾತ್ರ ಹೆಚ್ಚುಕಡಿಮೆ ಇವೇ.

ಕಾಗದಪತ್ರವೆಲ್ಲ ಕೈಗೆ ಬರಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಹೊಸಬರು ಹಿಂದೆ ಬೀಳುವುದು ಹೆಚ್ಚಾಗಿ ಇಲ್ಲೇ. ಇನ್ಶೂರೆನ್ಸ್ ಶುರುವಾಗಿಲ್ಲ, ಆರೋಗ್ಯ ಕಾರ್ಡ್ ಬಂದಿಲ್ಲ, ವೀಸಾ ವಿಸ್ತರಣೆ ಇನ್ನೂ ತೀರ್ಮಾನವಾಗಿಲ್ಲ ಎಂದು ತಾವೇ ಅಂದುಕೊಂಡು ಸುಮ್ಮನಾಗುತ್ತಾರೆ, ಕೇಳಿಯೇ ಇರುವುದಿಲ್ಲ. ಸೋಂಕು ವೀಸಾ ನೋಡಿ ಹರಡುವುದಿಲ್ಲ ಎಂಬುದು ಸರ್ಕಾರಗಳಿಗೂ ಗೊತ್ತು. ಅಮೆರಿಕದ ಕೋವಿಡ್ ಲಸಿಕಾ ಕಾರ್ಯಕ್ರಮದಲ್ಲಿ ಇನ್ಶೂರೆನ್ಸ್ ಇಲ್ಲದವರಿಗೂ, ಯಾವ ವಲಸೆ ಸ್ಥಿತಿಯಲ್ಲಿ ಇದ್ದವರಿಗೂ ಉಚಿತವಾಗಿ ಕೊಡಬೇಕೆಂಬ ನಿಯಮವಿತ್ತು. ಲಸಿಕಾ ಕೇಂದ್ರಗಳಲ್ಲಿ ವಲಸೆ ತಪಾಸಣೆ ನಡೆಸುವುದಿಲ್ಲ ಎಂದು ಅಲ್ಲಿನ ಸರ್ಕಾರ 2021ರ ಫೆಬ್ರವರಿಯಲ್ಲೇ ಪ್ರಕಟಿಸಿತು. ಇಂಗ್ಲೆಂಡಿನಲ್ಲಿಯೂ ಕೋವಿಡ್ ಲಸಿಕೆ ಪಡೆಯಲು ವಲಸೆ ದಾಖಲೆ ತೋರಿಸಬೇಕಿರಲಿಲ್ಲ. ಎಲ್ಲ ದೇಶವೂ ಇಷ್ಟೇ ಉದಾರಿ ಅಂತಲ್ಲ, ಆದರೂ ಕೇಳಿ ನೋಡದೆ ನಮಗೆ ಸಿಗಲಾರದು ಎಂದು ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ.

ವಾಸದ ಪುರಾವೆ ಕೇಳಿದರೆ ಬಾಡಿಗೆ ಕರಾರು, ಬ್ಯಾಂಕಿನಿಂದ ಬಂದ ಪತ್ರ, ಕೆಲಸ ಕೊಟ್ಟವರ ಪತ್ರ, ಇವುಗಳಲ್ಲಿ ಯಾವುದಾದರೂ ನಡೆಯುತ್ತದೆಯೇ ಎಂದು ವಿಚಾರಿಸಿ. ಯಾರದೋ ಮನೆಯಲ್ಲಿ ತಾತ್ಕಾಲಿಕವಾಗಿ ಇದ್ದೀರಾದರೆ, ಇವರು ನಮ್ಮಲ್ಲೇ ಇದ್ದಾರೆ ಎಂದು ಆ ಮನೆಯವರು ಬರೆದುಕೊಟ್ಟ ಕಾಗದ ಸಾಕೇ ಎಂದೂ ಕೇಳಬಹುದು. ಕೌಂಟರಿನಲ್ಲಿ ಒಬ್ಬರು ಆಗುವುದಿಲ್ಲ ಎಂದರೆ, ಯಾವ ನಿಯಮದ ಪ್ರಕಾರ ಎಂದು ವಿನಯವಾಗಿಯೇ ಕೇಳಿ. ಎದುರಿಗಿರುವವರಿಗೂ ನಿಯಮ ಪೂರ್ತಿ ಗೊತ್ತಿರದ ದಿನಗಳು ಅವು.

ಸರದಿ ಯಾರದು?

ಲಸಿಕೆ ಸಾಲದಿರುವಾಗ ಮೊದಲು ಯಾರಿಗೆ ಎಂಬುದನ್ನು ಆಯಾ ಕಾಯಿಲೆಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ. ಕೋವಿಡ್‌ನಲ್ಲಿ ಆರೋಗ್ಯ ಸಿಬ್ಬಂದಿಯ ಜೊತೆಗೆ ವಯಸ್ಸಾದವರು ಮುಂದಿದ್ದರು. 2009ರ ಎಚ್1ಎನ್1 ಜ್ವರದ ವೇಳೆ ಅಮೆರಿಕದ ಪಟ್ಟಿಯಲ್ಲಿ ಗರ್ಭಿಣಿಯರು, ಮಕ್ಕಳು ಮತ್ತು ಯುವಜನರು ಮುಂದಿದ್ದರು, ಆರೋಗ್ಯವಾಗಿರುವ ಹಿರಿಯರ ಸರದಿ ಆಮೇಲೆ. ಹಾಗಾಗಿ ಕಳೆದ ಬಾರಿಯ ಕ್ರಮವನ್ನು ನೆನಪಿಟ್ಟುಕೊಂಡು ಲೆಕ್ಕ ಹಾಕಬೇಡಿ. ಈ ಬಾರಿಯ ಪಟ್ಟಿ ನೋಡಿ, ಮನೆಯ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ನೋಡಿ. ಮೊಮ್ಮಗುವನ್ನು ನೋಡಲೆಂದು ಸಂದರ್ಶಕರ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಮನೆಯವರೇ ಮರೆತುಬಿಡುವುದುಂಟು. ಕೆಲಸದ ವೀಸಾ ಇರುವ ಮಗನಿಗಿಂತ ಮೊದಲೇ ಅವರ ಸರದಿ ಬಂದಿರಬಹುದು. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ ಮುಚ್ಚಿಡಬೇಡಿ, ಆ ಕಾರಣಕ್ಕೇ ಕೆಲವರ ಸರದಿ ಮುಂದೆ ಬರುತ್ತದೆ.

ಸ್ಲಾಟ್ ಸಿಗದಿದ್ದರೆ, ದಿನದ ಕೊನೆಗೆ ಉಳಿಯುವ ಡೋಸುಗಳಿಗೆ ಕಾಯುವ ಪಟ್ಟಿ ಇದೆಯೇ ಎಂದು ಕೇಂದ್ರದಲ್ಲಿ ಕೇಳಿ. ಫೈಜರ್‌ನ ಮೊದಲ ಕೋವಿಡ್ ಲಸಿಕೆಯಲ್ಲಿ ಒಂದು ಸೀಸೆಗೆ 6 ಡೋಸ್. ಸಲೈನ್ ಬೆರೆಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕಿತ್ತು, ಇಲ್ಲವಾದರೆ ಚೆಲ್ಲಬೇಕಿತ್ತು. ಹೇಳಿದ ಸಮಯಕ್ಕೆ ಇಬ್ಬರು ಬಾರದಿದ್ದರೆ ಆ ಡೋಸ್ ಯಾರಿಗಾದರೂ ಸಲ್ಲಲೇಬೇಕು. ಫೋನ್ ಬಂದ ಅರ್ಧ ಗಂಟೆಯಲ್ಲಿ ಅಲ್ಲಿರಬಲ್ಲವರಾದರೆ ಹೆಸರು ಬರೆಸಿ.

ಹೆಸರು ಮತ್ತು ಹುಟ್ಟಿದ ತಾರೀಖು

ನಮ್ಮವರಿಗೆ ಲಸಿಕೆಗಿಂತ ಹೆಚ್ಚು ತಲೆನೋವು ತರುವುದು ಇದು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಮುಂದಿರುತ್ತವೆ. ಪಾಸ್‌ಪೋರ್ಟ್ ಮಾಡಿಸುವಾಗ ಕೆಲವರು ಅವನ್ನು ಬಿಡಿಸಿ ಬರೆಸಿದರು, ಕೆಲವರ ಸರ್‌ನೇಮ್ ಜಾಗ ಖಾಲಿಯೇ ಉಳಿಯಿತು. ಹೆಂಡತಿಯ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಕೊನೆಗೆ, ಆಧಾರ್‌ನಲ್ಲಿ ಅಪ್ಪನ ಹೆಸರು. ಇಲ್ಲಿಯ ಕಂಪ್ಯೂಟರ್ ಎರಡು ಹೆಸರಿಲ್ಲದೆ ಮುಂದೆ ಹೋಗುವುದಿಲ್ಲ. ಮೊದಲ ಡೋಸಿನ ದಿನ ಕೌಂಟರಿನವರು ಏನೋ ಒಂದು ಬರೆಯುತ್ತಾರೆ, ಎರಡನೆಯ ದಿನ ಬೇರೆಯವರು ಇನ್ನೊಂದು ಬರೆಯುತ್ತಾರೆ. ಫಲ, ಒಬ್ಬರಿಗೇ ಎರಡು ದಾಖಲೆ, ಎರಡರಲ್ಲೂ ಒಂದೊಂದೇ ಡೋಸ್. ಪ್ರಯಾಣಕ್ಕೋ ಕೆಲಸಕ್ಕೋ ಪ್ರಮಾಣಪತ್ರ ಬೇಕಾದಾಗಲೇ ಇದು ಬೆಳಕಿಗೆ ಬರುವುದು.

ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿ ಇರುವುದನ್ನೇ, ಅದೇ ಸ್ಪೆಲಿಂಗಿನಲ್ಲಿ, ಅದೇ ಕ್ರಮದಲ್ಲಿ ಬರೆಸಿ. ಬಾಯಲ್ಲಿ ಹೇಳುವ ಬದಲು ಪಾಸ್‌ಪೋರ್ಟ್ ಪುಟವನ್ನೇ ತೋರಿಸಿ. ಸರ್‌ನೇಮ್ ಇಲ್ಲದವರು ಏನು ಬರೆದರು ಎಂದು ಕೇಳಿ ಗುರುತು ಹಾಕಿಕೊಂಡು, ಮುಂದಿನ ಸಲವೂ ಅದನ್ನೇ ಕೊಡಿ. ತಾರೀಖಿನದು ಇನ್ನೊಂದು ಗೋಳು: 05/08 ಎಂದರೆ ನಮಗೆ ಆಗಸ್ಟ್ 5, ಅಮೆರಿಕದಲ್ಲಿ ಮೇ 8. ಕೈಯಲ್ಲಿ ಬರೆಯುವಾಗ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಹುಟ್ಟಿದ ದಿನ ಸರಿಯಾಗಿ ಗೊತ್ತಿಲ್ಲದೆ ಶಾಲೆಯಲ್ಲಿ ಯಾವುದೋ ತಾರೀಖು ಬರೆಸಿಕೊಂಡ ಹಿರಿಯರು ಮನೆಯಲ್ಲಿದ್ದರೆ, ಅವರಿಗೂ ಪಾಸ್‌ಪೋರ್ಟಿನ ತಾರೀಖೇ ಅಧಿಕೃತ. ನಿಜವಾದದ್ದು ಇದಲ್ಲ ಎಂದು ಕೌಂಟರಿನಲ್ಲಿ ಕಥೆ ಹೇಳಲು ಹೋಗಬೇಡಿ ಎಂದು ಮೊದಲೇ ತಿಳಿಸಿಡಿ. ಮುಗಿದ ಮೇಲೆ ಕಾರ್ಡನ್ನು ಅಲ್ಲೇ ಓದಿ ನೋಡಿ. ತಪ್ಪಿದ್ದರೆ ಆ ಕ್ಷಣ ತಿದ್ದುವುದು ಸುಲಭ, ಮನೆಗೆ ಬಂದ ಮೇಲೆ ಪತ್ರವ್ಯವಹಾರ ಶುರು.

ಊರಲ್ಲಿ ಹಾಕಿಸಿಕೊಂಡ ಡೋಸುಗಳು

ಅವು ಸಾಮಾನ್ಯವಾಗಿ ಲೆಕ್ಕಕ್ಕೆ ಬರುತ್ತವೆ, ದಾಖಲೆ ಇದ್ದರೆ. ಭಾರತ ಸರ್ಕಾರದ ಲಸಿಕಾ ಜಾಲತಾಣ ಕೋವಿನ್‌ನಿಂದ ಪ್ರಮಾಣಪತ್ರ ಇಳಿಸಿಕೊಳ್ಳಲು ಒಟಿಪಿ ಬರುವುದು ನೋಂದಾಯಿಸಿದ ಭಾರತದ ಮೊಬೈಲಿಗೆ. ಒಂದೇ ನಂಬರಿನಲ್ಲಿ ಮನೆಮಂದಿಯನ್ನೆಲ್ಲ ನೋಂದಾಯಿಸಿದವರು ಬಹಳ, ಅಪ್ಪ ಅಮ್ಮನದು ಪಕ್ಕದ ಮನೆಯ ಹುಡುಗನ ನಂಬರಿನಲ್ಲಿದ್ದರೂ ಆಶ್ಚರ್ಯವಿಲ್ಲ. ಆ ಸಿಮ್ ನಿಲ್ಲುವ ಮೊದಲೇ ಪಿಡಿಎಫ್ ಇಳಿಸಿ, ಮುದ್ರಿಸಿ ಇಟ್ಟುಕೊಳ್ಳಿ. ಭಾರತದ ಪ್ರಮಾಣಪತ್ರದಲ್ಲಿ ಮೊದಲು ಪೂರ್ತಿ ಜನ್ಮದಿನಾಂಕ ಇರುತ್ತಿರಲಿಲ್ಲ. 2021ರ ಕೊನೆಯ ತಿಂಗಳುಗಳಲ್ಲಿ ವಿದೇಶ ಪ್ರಯಾಣಿಕರಿಗಾಗಿ ಅದನ್ನು ಸೇರಿಸುವ ವ್ಯವಸ್ಥೆ ಬಂತು. ನಿಮ್ಮದು ಹಳೆಯ ಪ್ರತಿಯಾದರೆ ಹೊಸದು ತೆಗೆಸಿ.

ಕೋವಿಶೀಲ್ಡ್ ಎಂಬ ಹೆಸರು ಇಲ್ಲಿಯ ಪಟ್ಟಿಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಡಿ. ಅದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಆಕ್ಸ್‌ಫರ್ಡ್–ಆಸ್ಟ್ರಾಜೆನೆಕಾ ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಫೆಬ್ರವರಿಯಲ್ಲೇ ಅದನ್ನು ತುರ್ತು ಬಳಕೆಯ ಪಟ್ಟಿಗೆ ಸೇರಿಸಿತ್ತು. ಕೋವ್ಯಾಕ್ಸಿನ್ ಸೇರಿದ್ದು ಅದೇ ವರ್ಷದ ನವೆಂಬರ್ 3ರಂದು. ಆ ಮಧ್ಯದ ತಿಂಗಳುಗಳಲ್ಲಿ ಕೋವ್ಯಾಕ್ಸಿನ್ ಹಾಕಿಸಿಕೊಂಡು ಹೊರಟ ವಿದ್ಯಾರ್ಥಿಗಳು ಎಷ್ಟೋ ಕಡೆ ಲಸಿಕೆಯೇ ಆಗದವರಂತೆ ನಿಲ್ಲಬೇಕಾಯಿತು. ಹಾಗಾಗಿ ಹೊಸ ಲಸಿಕೆ ಬಂದಾಗಲೂ ಯಾವುದು ಎಲ್ಲಿ ಮಾನ್ಯ ಎಂಬುದನ್ನು ವಿಮಾನ ಹತ್ತುವ ಮೊದಲೇ ನೋಡಿಕೊಳ್ಳಬೇಕು.

ಭಾರತದಲ್ಲಿ ಮುನ್ನೆಚ್ಚರಿಕೆ ಡೋಸ್ ಎಂದು ಕೊಟ್ಟದ್ದನ್ನು ಇಲ್ಲಿ ಬೂಸ್ಟರ್ ಎಂದೇ ಹೇಳಿ. ಎರಡನೆಯ ಡೋಸ್ ಬಾಕಿ ಇದ್ದು ತಿಂಗಳುಗಳೇ ಕಳೆದಿದ್ದರೂ ಸಾಮಾನ್ಯವಾಗಿ ಮೊದಲಿನಿಂದ ಶುರುಮಾಡಬೇಕಿಲ್ಲ. ಉಳಿದದ್ದನ್ನು ಯಾವ ಲಸಿಕೆಯಿಂದ ಪೂರೈಸಬೇಕೆಂದು ಇಲ್ಲಿನ ವೈದ್ಯರು ಹೇಳುತ್ತಾರೆ.

ಹಾಕಿಸಿಕೊಳ್ಳುವ ದಿನ

ಹಿರಿಯರಿಗೆ ಭಾಷೆ ತೊಡಕಾದರೆ ದುಭಾಷಿ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಹಲವು ಕಡೆ ಫೋನಿನಲ್ಲಿ ದುಭಾಷಿ ಒದಗಿಸುತ್ತಾರೆ. ಅವರಿಗೆ ಕನ್ನಡ ಎಂದು ಸ್ಪಷ್ಟವಾಗಿ ಹೇಳಬೇಕು, ಇಲ್ಲವಾದರೆ ಭಾರತದವರೆಂದು ಹಿಂದಿಯವರನ್ನು ಕರೆದು ಕೂರಿಸುತ್ತಾರೆ. ಹತ್ತು ವರ್ಷದ ಮೊಮ್ಮಗಳ ಕೈಲಿ ಅಜ್ಜಿಯ ಕಾಯಿಲೆಗಳನ್ನು ಹೇಳಿಸುವುದು ಬೇಡ. ಮಗು ತಪ್ಪು ಹೇಳೀತು, ಅಜ್ಜಿ ಅದರ ಮುಂದೆ ಎಲ್ಲವನ್ನೂ ಹೇಳಲಾರರು.

ಮಾತ್ರೆಗಳ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಅರ್ಥವಾಗದು. ಇಕೋಸ್ಪ್ರಿನ್ ಎಂದರೆ ಆಸ್ಪಿರಿನ್. ಡೋಲೋ, ಕ್ರೋಸಿನ್ ಎಂದರೆ ಪ್ಯಾರಸಿಟಮಾಲ್, ಅಮೆರಿಕದಲ್ಲಿ ಅದೇ ಅಸಿಟಮಿನೋಫೆನ್. ಮಾತ್ರೆಯ ಹಾಳೆಯ ಹಿಂಬದಿಯಲ್ಲಿ ಚಿಕ್ಕದಾಗಿ ಬರೆದ ಮೂಲ ಔಷಧದ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಚುಚ್ಚುವ ಮೊದಲೇ ಹೇಳಿ, ಚುಚ್ಚಿದ ಜಾಗವನ್ನು ಎರಡು ನಿಮಿಷವಾದರೂ ಗಟ್ಟಿಯಾಗಿ ಒತ್ತಿ ಹಿಡಿಸುತ್ತಾರೆ. ಹಿಂದೆ ಯಾವುದಾದರೂ ಇಂಜೆಕ್ಷನ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಅದನ್ನಂತೂ ಹೇಳಲೇಬೇಕು. ಅಮೆರಿಕದಲ್ಲಿ ಕೋವಿಡ್ ಲಸಿಕೆಯ ಬಳಿಕ ಎಲ್ಲರನ್ನೂ 15 ನಿಮಿಷ, ಅಲರ್ಜಿ ಇತಿಹಾಸ ಇದ್ದವರನ್ನು 30 ನಿಮಿಷ ಕೂರಿಸುತ್ತಿದ್ದದ್ದು ಇದಕ್ಕೇ. ಪಾರ್ಕಿಂಗ್ ಸಮಯ ಮುಗಿಯಿತೆಂದು ಎದ್ದು ಹೋಗಬೇಡಿ.

ತೋಳು ನೋವು, ಮೈಕೈ ನೋವು, ಒಂದೆರಡು ದಿನದ ಜ್ವರ ಸಾಮಾನ್ಯ. ಮನೆಯ ಎಲ್ಲರೂ ಒಂದೇ ದಿನ ಹಾಕಿಸಿಕೊಂಡು ಎಲ್ಲರೂ ಒಟ್ಟಿಗೆ ಮಲಗುವ ಬದಲು, ಪುಟ್ಟ ಮಕ್ಕಳಿರುವ ಮನೆಯಲ್ಲಿ ಗಂಡ ಹೆಂಡತಿ ಬೇರೆ ಬೇರೆ ದಿನ ಹೋಗುವುದು ಒಳ್ಳೆಯದು. ಉಸಿರಾಟದ ತೊಂದರೆ, ಎದೆನೋವು, ದಿನಗಳೇ ಕಳೆದರೂ ಬಿಡದ ವಿಪರೀತ ತಲೆನೋವು ಇವುಗಳನ್ನು ಲಸಿಕೆಯ ಜ್ವರ ಎಂದು ತಳ್ಳಿಹಾಕದೆ ತಕ್ಷಣ ವೈದ್ಯರನ್ನು ಕಾಣಿ.

ಸಾಂಕ್ರಾಮಿಕದ ಗಡಿಬಿಡಿಯಲ್ಲಿ ಮಕ್ಕಳ ಮಾಮೂಲಿ ಲಸಿಕೆಗಳನ್ನು ಮರೆಯಬೇಡಿ. ದಡಾರ, ಪೋಲಿಯೋ ಯಾವುದನ್ನೂ ಮುಂದೂಡುವ ಕಾರಣವಿಲ್ಲ. ಶಾಲೆಗೆ ಸೇರಿಸುವಾಗ ಹಲವು ದೇಶಗಳಲ್ಲಿ ಊರಿನ ಲಸಿಕೆ ಪುಸ್ತಕವನ್ನೇ ಕೇಳುತ್ತಾರೆ.

ನಿಮ್ಮ ಕಾರ್ಡಿನ ಫೋಟೋವನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ, ಅದರಲ್ಲಿ ಹೆಸರು, ಹುಟ್ಟಿದ ದಿನ ಎಲ್ಲವೂ ಇರುತ್ತವೆ. ಹಣ ಕೊಟ್ಟರೆ ಸರದಿ ಮುಂದೆ ತರುತ್ತೇವೆ ಎನ್ನುವ ಲಿಂಕುಗಳನ್ನು ಮುಟ್ಟಬೇಡಿ. ಫಾರಂ ತುಂಬಲು, ಫೋನ್ ಮಾಡಿ ಸ್ಲಾಟ್ ಹುಡುಕಲು, ಹಿರಿಯರ ಜೊತೆ ಹೋಗಲು ಸಂಘದ ಸ್ವಯಂಸೇವಕರನ್ನು ಸಂಕೋಚವಿಲ್ಲದೆ ಕೇಳಿ. ನಿಮ್ಮ ದೇಹಕ್ಕೆ ಯಾವ ಲಸಿಕೆ ಸರಿ ಎಂಬುದನ್ನು ಮಾತ್ರ ಅವರನ್ನು ಕೇಳಬೇಡಿ, ಅದು ವೈದ್ಯರ ಕೆಲಸ. ಸಂಘದ ಹೆಸರು ಹೇಳಿಕೊಂಡು ಯಾರಾದರೂ ಒಟಿಪಿ ಕೇಳಿದರೆ ಕೊಡಬೇಡಿ. ನಾವು ಕೇಳುವುದಿಲ್ಲ.