ನೆರ್ವನ ನಾಣ್ಯದಲ್ಲಿ ಒಂದು ಲ್ಯಾಟಿನ್ ನಾಮಪದ

ಲ್ಯಾಟಿನ್ ವಿಭಕ್ತಿಗಳನ್ನು ಬರೀ ಬಾಯಿಪಾಠ ಮಾಡಿದರೆ ನನಗೆ ನೆನಪಿನಲ್ಲಿ ಉಳಿಯುವುದಿಲ್ಲ. ಬರಹವೊಂದರಲ್ಲಿ ಅವು ಕೆಲಸ ಮಾಡುವುದನ್ನು ಕಾಣಬೇಕು. ‘ವೆಹಿಕುಲಾತಿಯೊ’ ಎಂಬ ಪದವನ್ನು ನಾನು ಕಲಿತದ್ದು ರೋಮನ್ ಚಕ್ರವರ್ತಿ ನೆರ್ವ ಕ್ರಿ.ಶ. 97ರಲ್ಲಿ ಹೊರಡಿಸಿದ ಸೆಸ್ಟರ್ಶಿಯಸ್ ನಾಣ್ಯದ ಚಿತ್ರವನ್ನು ಮುಂದಿಟ್ಟುಕೊಂಡು. ಹಿಂಬದಿಯಲ್ಲಿ ಎರಡು ಹೇಸರಗತ್ತೆಗಳು ಮೇಯುತ್ತಿವೆ; ಅವುಗಳ ಹಿಂದೆ ಮೂಕಿ ಮೇಲೆತ್ತಿದ ಗಾಡಿ. ಸುತ್ತಲೂ ‘ವೆಹಿಕುಲಾತಿಯೋನೆ ಇತಾಲಿಯೈ ರೆಮಿಸ್ಸಾ’ ಎಂಬ ಬರಹ.

ಮೊದಲು ಪದದ ಬುಡ ನೋಡಿದೆ. ‘ವೆಹೊ’ ಎಂದರೆ ಹೊತ್ತೊಯ್ಯುತ್ತೇನೆ. ಅದರಿಂದ ‘ವೆಹಿಕುಲುಮ್’, ಅಂದರೆ ಗಾಡಿ. ನಮ್ಮ ‘ವಾಹನ’ದ ಸಂಸ್ಕೃತ ಧಾತು ‘ವಹ್’ ಕೂಡ ಇದೇ ಮೂಲದ್ದು. ‘ವೆಹಿಕುಲುಮ್’ ನಪುಂಸಕ, ಆದರೆ ‘ತಿಯೊ’ ಪ್ರತ್ಯಯ ಸೇರಿದ ‘ವೆಹಿಕುಲಾತಿಯೊ’ ಸ್ತ್ರೀಲಿಂಗ, ಮೂರನೆಯ ಗಣದ್ದು. ಸರ್ಕಾರಿ ಅಂಚೆಗೆ, ಸರ್ಕಾರದ ಕೆಲಸದ ಮೇಲೆ ಹೋಗುವವರಿಗೆ ದಾರಿಯ ಊರುಗಳು ಪ್ರಾಣಿ, ಗಾಡಿ ಒದಗಿಸಬೇಕಾದ ಹೊರೆಗೆ ಆ ಹೆಸರು.

‘ರೆಮಿಸ್ಸಾ’ ಎಂದರೆ ಮನ್ನಾ ಆದದ್ದು. ಬರಹದಲ್ಲಿ ಅದು ಪ್ರಥಮೆಯೂ ಆಗಬಹುದು, ನಮ್ಮ ಪಂಚಮಿಯನ್ನು ಹೋಲುವ ಅಬ್ಲೇಟಿವ್ ವಿಭಕ್ತಿಯೂ ಆಗಬಹುದು. ವ್ಯತ್ಯಾಸ ಕೊನೆಯ ‘ಅ’ಕಾರದ ಹ್ರಸ್ವ-ದೀರ್ಘದಲ್ಲಿ ಮಾತ್ರ, ನಾಣ್ಯ ಅದನ್ನು ತೋರಿಸುವುದಿಲ್ಲ. ಇಲ್ಲಿ ‘ವೆಹಿಕುಲಾತಿಯೋನೆ’ಯ ಕೊನೆಯ ‘ಎ’ ಕೈಹಿಡಿಯುತ್ತದೆ. ಅದು ಅಬ್ಲೇಟಿವ್ ಏಕವಚನ, ಬೇರೆ ಅರ್ಥಕ್ಕೆ ಎಡೆಯಿಲ್ಲ. ಹಾಗಾಗಿ ಅದರ ವಿಶೇಷಣವಾದ ‘ರೆಮಿಸ್ಸಾ’ ಕೂಡ ಅದೇ ವಿಭಕ್ತಿಯಲ್ಲಿದೆ. ಸಂಸ್ಕೃತ ಓದಿದವರಿಗೆ ಈ ರಚನೆ ಒಡನೆಯೇ ಗುರುತು ಹತ್ತುತ್ತದೆ: ಸತಿ ಸಪ್ತಮಿ, ಅಂದರೆ ‘ಹೀಗಾಗಿರಲು’ ಎಂದು ಹಿನ್ನೆಲೆ ಹೇಳುವ ರಚನೆ. ಅಲ್ಲಿ ಸಪ್ತಮಿ ಮಾಡುವ ಕೆಲಸವನ್ನು ಇಲ್ಲಿ ಅಬ್ಲೇಟಿವ್ ಮಾಡುತ್ತದೆ. ‘ಇಟಲಿಯ ವಾಹನದ ಹೊರೆ ಮನ್ನಾ ಆಗಿರಲು’ ಎಂದು ನಾನು ಅನುವಾದಿಸಿಕೊಂಡೆ. ಗಾಡಿಯಿಂದ ಬಿಚ್ಚಿದ ಪ್ರಾಣಿಗಳು ಮೇಯುತ್ತಿರುವುದೇಕೆ ಎಂಬುದೂ ಆಗ ಸ್ಪಷ್ಟವಾಯಿತು.

ಉಳಿದದ್ದು ‘ಇತಾಲಿಯೈ’. ಅದು ಷಷ್ಠಿ. ನನಗೆ ಬಹಳ ಮುಖ್ಯವೆನಿಸಿದ ಪದ ಇದೇ, ಏಕೆಂದರೆ ಮನ್ನಾದ ಎಲ್ಲೆಯನ್ನು ಇದೊಂದೇ ಹೇಳುತ್ತದೆ. ಹೊರೆ ಇಳಿದದ್ದು ಇಟಲಿಗೆ. ಸಾಮ್ರಾಜ್ಯದ ಬೇರೆ ಪ್ರಾಂತ್ಯಗಳ ಜನ ಆ ಮೇಲೂ ಗಾಡಿ ಕಟ್ಟಿಕೊಡುತ್ತಲೇ ಇದ್ದರು.