ಮಸಿ ಚೆಲ್ಲಿ ಹೊಸ ಐಡಿಯಾ ಹುಡುಕೋದು ಹೇಗೆ?

ಖಾಲಿ ಹಾಳೆ ಮುಂದೆ ಕೂತು "ಏನು ಬಿಡಿಸ್ಲಿ?" ಅಂತ ತಲೆ ಕೆಡಿಸ್ಕೊಳ್ಳೋರಿಗೆ ನಾನು ಹೇಳೋದು ಒಂದೇ, ಹಾಳೇನ ಖಾಲಿ ಇಡ್ಬೇಡಿ, ಮಸಿ ಚೆಲ್ಲಿ. ಗೋಡೆ ಮೇಲಿನ ಕಲೆಗಳನ್ನ ದಿಟ್ಟಿಸಿ ನೋಡಿದ್ರೆ ಬೆಟ್ಟ, ನದಿ, ಯುದ್ಧ ಎಲ್ಲಾ ಕಾಣುತ್ತೆ ಅಂತ ಲಿಯೊನಾರ್ಡೊ ಡ ವಿಂಚಿ ಬರೆದಿಟ್ಟಿದ್ದ. 18ನೇ ಶತಮಾನದಲ್ಲಿ ಅಲೆಕ್ಸಾಂಡರ್ ಕಜನ್ಸ್ ಅನ್ನೋ ಇಂಗ್ಲೆಂಡಿನ ಕಲಾವಿದ ಮಸಿಯ ಮಚ್ಚೆಗಳಿಂದಲೇ ನಿಸರ್ಗಚಿತ್ರ ಹುಟ್ಟಿಸೋದನ್ನ ಕಲಿಸ್ತಿದ್ದ. ವಿಧಾನ ಹಳೇದು, ಸುಲಭ, ಆದ್ರೂ ಬಹಳ ಜನ ಒಂದೇ ಜಾಗದಲ್ಲಿ ಎಡವ್ತಾರೆ.

ಸಾಮಾನು: 200 ಜಿಎಸ್‌ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಅಥವಾ ಅದಕ್ಕಿಂತ ದಪ್ಪ ಹಾಳೆ, ಬ್ರಷ್, ನೀರು, ವಾಟರ್‌ಪ್ರೂಫ್ ಇಂಡಿಯನ್ ಇಂಕ್. ಪ್ರಿಂಟರ್ ಹಾಳೆ ಬೇಡ, ಒದ್ದೆಯಾದ ತಕ್ಷಣ ಸುಕ್ಕಾಗುತ್ತೆ. ಫೌಂಟನ್ ಪೆನ್ ಇಂಕೂ ಬೇಡ, ಮೇಲೆ ಬಣ್ಣ ಹಚ್ಚಿದ್ರೆ ಸಾಮಾನ್ಯವಾಗಿ ಕದಡಿಬಿಡುತ್ತೆ. ಹಾಗಂತ ಇಂಡಿಯನ್ ಇಂಕನ್ನ ಫೌಂಟನ್ ಪೆನ್ನಿಗೆ ತುಂಬಿಸ್ಬೇಡಿ, ಒಣಗಿ ಕಟ್ಕೊಂಡು ಪೆನ್ನೇ ಹಾಳಾಗುತ್ತೆ. ಬ್ರಷ್ಷನ್ನೂ ಕೆಲಸ ಮುಗಿದ ತಕ್ಷಣ ತೊಳೀರಿ. "ಕ್ರಿಯೇಟಿವಿಟಿ ಕಿಟ್" ಅಂತ ಮಾರ್ತಾರಲ್ಲ, ಅದಕ್ಕೆ ದುಡ್ಡು ಹಾಕೋದು ಬೇಡವೇ ಬೇಡ, ಅದರಲ್ಲಿ ಯೋಚನೆಯೆಲ್ಲ ಬೇರೆಯವರೇ ಮಾಡಿಟ್ಟಿರ್ತಾರೆ.

ಚೆಲ್ಲೋದು: ಹಾಳೆಯ ಒಂದು ಭಾಗ ಒದ್ದೆ ಮಾಡಿ, ಇಂಕ್ ತೊಟ್ಟಿಕ್ಕಿಸಿ, ಹಾಳೆ ಓರೆ ಮಾಡಿ ಹರಿಯೋಕೆ ಬಿಡಿ. ಮಧ್ಯಕ್ಕೆ ಮಡಚ್ಬೇಡಿ. ಮನಸ್ಸನ್ನ ಪರೀಕ್ಷಿಸೋಕೆ ಅಂತ ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋರ್ಷಾಕ್ 1921ರಲ್ಲಿ ಪ್ರಕಟಿಸಿದ ಮಸಿಚಿತ್ರಗಳ ಥರ ಎರಡೂ ಕಡೆ ಒಂದೇ ಆಕಾರ ಬಂದ್ರೆ ಕಣ್ಣು ನೇರ ಚಿಟ್ಟೆಗೋ ಮುಖಕ್ಕೋ ಹೋಗುತ್ತೆ, ಅಲ್ಲಿಂದ ಆಚೆ ತರೋದು ಕಷ್ಟ. ಪೂರ್ತಿ ಒಣಗ್ಲಿ. ಹೇರ್ ಡ್ರೈಯರ್ ಹಿಡಿದ್ರೆ ಒದ್ದೆ ಇಂಕ್ ಎಲ್ಲೆಲ್ಲೋ ಓಡುತ್ತೆ.

ಈಗ ನೋಡೋದು. ಎಲ್ಲರೂ ಕೆಡಿಸ್ಕೊಳ್ಳೋದು ಇಲ್ಲೇ. ಒಣಗಿದ್ದೇ ತಡ "ಅಯ್ಯೋ ಹಕ್ಕಿ!" ಅಂತ ಕೂಗಿ, ಒಂದು ಕಣ್ಣಿಟ್ಟು ಕೊಕ್ಕು ಬಿಡಿಸಿ ಮುಗಿಸಿಬಿಡ್ತಾರೆ. ಕಣ್ಣು ಅಂತ ಒಂದು ಚುಕ್ಕೆ ಇಟ್ರೆ ಸಾಕು, ಆಮೇಲೆ ಆ ಮಚ್ಚೆಯಲ್ಲಿ ಬೇರೆ ಏನೂ ಕಾಣಲ್ಲ. ಅದಕ್ಕೆ ಪೆನ್ ಹಿಡಿಯೋಕೆ ಮುಂಚೆ ಬೇರೆ ಹಾಳೆಯಲ್ಲಿ ಕಂಡದ್ದನ್ನೆಲ್ಲ ಬರೀರಿ, ಕನಿಷ್ಠ ಹದಿನೈದು. ಹಕ್ಕಿ, ಮರ, ಮುಖ, ಮ್ಯಾಪು, ಇವು ಎಲ್ಲರಿಗೂ ಬರುತ್ತೆ, ಬರೆದು ಪಕ್ಕಕ್ಕಿಡಿ. ಆರೇಳಾದ್ಮೇಲೆ ತಲೆ ಖಾಲಿ ಆಯ್ತು ಅನ್ಸುತ್ತೆ, ಬೇಜಾರಾಗುತ್ತೆ, ಆಗ ಏಳ್ಬೇಡಿ. ಇಟ್ಟಿಗೆಯಿಂದ ಏನೇನು ಮಾಡ್ಬಹುದು ಅಂತ ಕೇಳೋ ಥರದ ಪರೀಕ್ಷೆಗಳನ್ನ ರೂಪಿಸಿದವರಲ್ಲಿ ಮನಶ್ಶಾಸ್ತ್ರಜ್ಞ ಗಿಲ್ಫರ್ಡ್ ಒಬ್ಬರು, ಅಂಥ ಪರೀಕ್ಷೆಗಳಲ್ಲೂ ವಿಶೇಷವಾದ ಉತ್ತರಗಳು ಹೆಚ್ಚಾಗಿ ತಡವಾಗೇ ಬರ್ತಾವೆ.

ಸಿಕ್ಕಿಹಾಕ್ಕೊಂಡ್ರೆ ಹಾಳೆ ತಿರುಗಿಸಿ, ನಾಲ್ಕೂ ಕಡೆಯಿಂದ ನೋಡಿ. ಮಸಿ ಬಿಟ್ಟು ಸುತ್ತಲಿನ ಬಿಳಿ ಜಾಗದ ಆಕಾರ ನೋಡಿ. "ಇದೇನು?" ಅನ್ನೋ ಪ್ರಶ್ನೆ ಬಿಟ್ಟು "ಇಲ್ಲಿ ಏನು ನಡೀತಿದೆ? ಎಲ್ಲಿ ಭಾರ ಇದೆ? ಯಾವುದು ಯಾವುದನ್ನ ಎಳೀತಿದೆ?" ಅಂತ ಕೇಳ್ಕೊಳ್ಳಿ. ಆಕಾಶದಿಂದ ಕೆಳಗೆ ನೋಡಿದ ಹಾಗೆ, ಮೈಕ್ರೋಸ್ಕೋಪಿನಲ್ಲಿ ಕಂಡ ಹಾಗೆ ಅಂದ್ಕೊಳ್ಳಿ. ಉದಾಹರಣೆಗೆ ಒಂದು ಕಡೆ ದಪ್ಪ ಗುಡ್ಡೆ, ಅದರಿಂದ ಬಲಕ್ಕೆ ಮೂರು ಸಣ್ಣ ಎಳೆ. ಮೊದಲಿಗೆ ಕಾಣೋದು ಧೂಮಕೇತು, ಆಕ್ಟೋಪಸ್, ಬಿಚ್ಚಿದ ಜಡೆ. ಎಳೆಗಳು ಕೆಳಗೆ ಬರೋ ಹಾಗೆ ತಿರುಗಿಸಿ, ಗುಡ್ಡೆಯ ಅಂಚನ್ನ ಸ್ವಲ್ಪ ಹೊತ್ತು ನೋಡಿ, ಮುಚ್ಚಿದ ಬಾಗಿಲ ಸಂದಿಯಿಂದ ನೀರು ಹರಿದು ಬರ್ತಿರೋ ಹಾಗೆ ಕಾಣುತ್ತೆ. ಒಳಗೆ ನಲ್ಲಿ ತೆರೆದು ಹೋದವರು ಯಾರು? ನೋಡಿ, ಚಿತ್ರದ ಜೊತೆ ಕಥೆಯೂ ಶುರುವಾಯ್ತು.

ಈ ಹೊತ್ತಲ್ಲಿ ಫೋನ್ ಪಕ್ಕದ ರೂಮಲ್ಲಿರ್ಲಿ. "ಸುಮ್ನೆ ರೆಫರೆನ್ಸ್ ನೋಡ್ತೀನಿ" ಅಂತ ತೆಗೆದ್ರೆ ಅಲ್ಲಿ ಕಂಡ ಚಿತ್ರಾನೇ ನಿಮ್ಮ ಹಾಳೆ ಮೇಲೆ ಬರುತ್ತೆ. ಪಟ್ಟಿ ಮುಗಿದ್ಮೇಲೆ ಬಾಗಿಲು ಹೇಗಿರುತ್ತೆ, ಚಿಲಕ ಎಲ್ಲಿರುತ್ತೆ ಅಂತ ನೋಡ್ಕೊಳ್ಳಿ, ಆಗ ಪರವಾಗಿಲ್ಲ.

ಬಿಡಿಸೋದು: ಪಟ್ಟಿಯ ಕೊನೇ ಭಾಗದಿಂದ ಒಂದನ್ನ ಆರಿಸಿ, ಸಣ್ಣ ಪೆನ್ನಲ್ಲಿ ಆದಷ್ಟು ಕಡಿಮೆ ಗೆರೆ ಹಾಕಿ, ಮಸಿ ಮಸಿಯಾಗೇ ಕಾಣ್ತಿರ್ಬೇಕು. ಹಿಂಬದಿಯಲ್ಲಿ ಯಾವ ಕಡೆ ಮೇಲೆ ಅಂತ ಬಾಣ ಹಾಕಿ, ಆ ಹದಿನೈದರ ಪಟ್ಟಿಯನ್ನ ಅಲ್ಲೇ ಅಂಟಿಸಿ. ಉಳಿದ ಹದಿನಾಲ್ಕು ಇನ್ನೂ ಹಾಗೇ ಇವೆ, ಮುಂದಿನ ಸಲ ಅವೇ ಕೆಲಸಕ್ಕೆ ಬರ್ತಾವೆ.