ಆರು ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಕಂಡ ರೋಟಾನ್

1993ರಲ್ಲಿ ಅರಾನ್ ಪಿಂಚುಕ್ ಮತ್ತು ಸಂಗಡಿಗರು 1/3 ಭರ್ತಿಯ ಕ್ವಾಂಟಮ್ ಹಾಲ್ ದ್ರವದ (ಬಲವಾದ ಕಾಂತಕ್ಷೇತ್ರದಲ್ಲಿ ತೆಳು ಪದರದ ಎಲೆಕ್ಟ್ರಾನುಗಳು ಒಟ್ಟಾಗಿ ವರ್ತಿಸುವ ಸ್ಥಿತಿ; ಅವಕ್ಕಿರುವ ಮನೆಗಳಲ್ಲಿ ಮೂರನೇ ಒಂದರಷ್ಟು ಮಾತ್ರ ತುಂಬಿರುತ್ತವೆ) ಮೇಲೆ ಲೇಸರ್ ಬಿಟ್ಟು, ಚದುರಿದ ಬೆಳಕಿನಲ್ಲಿ ಅದರ ಉದ್ರೇಕಗಳ, ಅಂದರೆ ಶಕ್ತಿ ಪಡೆದಾಗ ಏಳುವ ಅಲೆಗಳ, ಗುರುತು ಹಿಡಿದರು. ಅದಕ್ಕೆ ಗ್ಯಾಲಿಯಂ ಆರ್ಸೆನೈಡ್‌ನ ಅತಿ ಶುದ್ಧ ಪದರ, ಹಲವು ಟೆಸ್ಲಾಗಳ ಕಾಂತಕ್ಷೇತ್ರ, ನಿರಪೇಕ್ಷ ಶೂನ್ಯದ ಅಂಚಿನ ಚಳಿ ಬೇಕು. ಬೆಳಗಾವಿಯಲ್ಲಿ ಎಂ.ಎಸ್ಸಿ. ಪಾಠ ಹೇಳುವ ನನ್ನ ಬಳಿ ಇರುವುದು ಲ್ಯಾಪ್‌ಟಾಪ್. ಬೆಳಕು ಕಂಡದ್ದನ್ನು ಲೆಕ್ಕದಲ್ಲೇ ಕಾಣೋಣ ಎಂದು ಹೊರಟೆ.

ಭೌತವಿಜ್ಞಾನಿ ಹಾಲ್ಡೇನ್ ತೋರಿಸಿದಂತೆ ಎಲೆಕ್ಟ್ರಾನುಗಳನ್ನು ಗೋಳದ ಮೇಲೆ ಕೂರಿಸಿದೆ. ಆರು ಎಲೆಕ್ಟ್ರಾನುಗಳಿಗೆ 16 ಮನೆಗಳು, ಅಂದರೆ ಅವು ಇರಬಹುದಾದ ಕ್ವಾಂಟಮ್ ಸ್ಥಿತಿಗಳು. ಕೂರಿಸುವ ಬಗೆಗಳು 8008. ಒಟ್ಟು ಕೋನೀಯ ಸಂವೇಗದ ಲಂಬ ಘಟಕ ಸೊನ್ನೆ ಎಂದು ಕಟ್ಟು ಹಾಕಿದರೆ ಉಳಿಯುವುದು 338. ಪ್ರತಿ ಬಗೆಯನ್ನೂ ಸೊನ್ನೆ-ಒಂದುಗಳ ಸಾಲಾಗಿ ಬರೆದೆ: ತುಂಬಿದ ಮನೆಗೆ ಒಂದು, ಖಾಲಿ ಮನೆಗೆ ಸೊನ್ನೆ. 1001001001001001 ಎಂಬ ಸಾಲನ್ನು ನೋಡಿ: 1/3 ಎಂಬುದು ಕಣ್ಣಿಗೇ ಕಾಣುತ್ತದೆ! ಕೂಲಂಬ್ ವಿಕರ್ಷಣೆಯನ್ನು ಸೇರಿಸಿ ಮಾತೃಕೆಯನ್ನು ಬಿಡಿಸಿದಾಗ ತಳದಲ್ಲೊಂದು ಒಂಟಿ ಸ್ಥಿತಿ, ಮೇಲೆ ಅಂತರ, ಅದರಾಚೆ ಕೋನೀಯ ಸಂವೇಗ 2ರಿಂದ 6ರವರೆಗೆ ನಡುವೆ ತಗ್ಗಿದ, ಶಕ್ತಿಮಟ್ಟಗಳ ಒಂದು ಸರಪಳಿ. ಆ ತಗ್ಗಿನ ಉದ್ರೇಕವೇ ಮ್ಯಾಗ್ನೆಟೊರೋಟಾನ್, ಶೀರ್ಷಿಕೆಯ ರೋಟಾನ್. ಗರ್ವಿನ್, ಮ್ಯಾಕ್‌ಡೊನಾಲ್ಡ್, ಪ್ಲಾಟ್ಜ್‌ಮನ್ 1985ರಲ್ಲೇ ಇದನ್ನು ಊಹಿಸಿದ್ದರು.

ಗೋಕಾಕದ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯೇ ತಡೆದಳು: ತಗ್ಗಿರುವ ಕಡೆಗೆ ಬೆಳಕಿನ ಸಂವೇಗ ಮುಟ್ಟುವುದೇ ಇಲ್ಲವಲ್ಲ? ಒಳ್ಳೆಯ ಪ್ರಶ್ನೆ. ಕಾಂತೀಯ ಉದ್ದದ (ಕಾಂತಕ್ಷೇತ್ರವೇ ನಿಗದಿಪಡಿಸುವ ಉದ್ದದ ಅಳತೆ) ಮಾನದಲ್ಲಿ ತಗ್ಗು ಸುಮಾರು 1.4ರಲ್ಲಿದೆ, ಬೆಳಕು ಕೊಡಬಲ್ಲದ್ದು 0.1ರ ಆಸುಪಾಸು. ಕೊರತೆಯನ್ನು ತುಂಬುವುದು ಪದರದಲ್ಲಿ ಉಳಿದ ಅಲ್ಪಸ್ವಲ್ಪ ಕಲ್ಮಶ. ಅದು ಸಂವೇಗದ ನಿಯಮವನ್ನು ಸಡಿಲಿಸುತ್ತದೆ. ತಗ್ಗಿನ ತಳದಲ್ಲಿ ಇಳಿಜಾರೇ ಇಲ್ಲದ್ದರಿಂದ ಒಂದೇ ಶಕ್ತಿಯಲ್ಲಿ ಅನೇಕ ಸ್ಥಿತಿಗಳು ಒತ್ತಾಗಿ ಸೇರುತ್ತವೆ, ರೋಹಿತದಲ್ಲಿ ಶಿಖರ ಏಳುತ್ತದೆ. ಶುದ್ಧತೆಗಾಗಿ ಅಷ್ಟು ಹೆಣಗುವ ಪ್ರಯೋಗದಲ್ಲಿ ಚೂರು ಅಶುದ್ಧಿಯೇ ದಾರಿ ತೆರೆಯುತ್ತದೆ ಎಂಬುದು ನನಗೆ ಇಂದಿಗೂ ಬೆರಗು.

ಸರಪಳಿಯ ಎಡತುದಿಯದು ಬೇರೆಯೇ ಕಥೆ. ಅಲ್ಲಿನ ಉದ್ರೇಕದ ಸ್ಪಿನ್ 2, ಗುರುತ್ವದ ಕಣವೆಂದು ಊಹಿಸಲಾದ ಗ್ರಾವಿಟಾನಿನಂತೆ. 2024ರಲ್ಲಿ ಚೀನಾದ ನಾನ್ಜಿಂಗ್‌ನ ಪ್ರಯೋಗ ವೃತ್ತ ಧ್ರುವೀಕೃತ ಬೆಳಕಿನಿಂದ ಅದರ ಸುತ್ತುವ ದಿಕ್ಕನ್ನೂ ಗುರುತಿಸಿತು. 1/3 ಭರ್ತಿಯ ತಳಸ್ಥಿತಿಗೆ ಲಾಫ್ಲಿನ್ ಕೊಟ್ಟ ಮಾದರಿಯಲ್ಲಿ, ಅಂದರೆ ಲಾಫ್ಲಿನ್ ಸ್ಥಿತಿಯಲ್ಲಿ, ಎಲೆಕ್ಟ್ರಾನುಗಳ ಯಾವ ಜೋಡಿಯ ಸಾಪೇಕ್ಷ ಕೋನೀಯ ಸಂವೇಗವೂ 1 ಆಗಿರುವುದಿಲ್ಲ. ಹಾಗಾಗಿ ಜೋಡಿಯನ್ನು 1ರಿಂದ 3ಕ್ಕೆ ಏರಿಸುವ ಕ್ರಿಯೆಗೆ ಎತ್ತಲು ಏನೂ ಸಿಗದು. 3ರಿಂದ 1ಕ್ಕೆ ಇಳಿಸುವ ಕ್ರಿಯೆ ಮಾತ್ರ ಫಲ ಕೊಡುತ್ತದೆ. 2/3 ಭರ್ತಿಯಲ್ಲಿ ಖಾಲಿ ಮನೆಗಳೇ ಎಲೆಕ್ಟ್ರಾನುಗಳ ಪಾತ್ರ ವಹಿಸುವುದರಿಂದ ದಿಕ್ಕು ತಿರುವುಮುರುವು. ಅದನ್ನು ಪರೀಕ್ಷಿಸಲು ಹೊಸ ಪಟ್ಟಿ ಬೇಕಿಲ್ಲ, ಇದೇ 338 ಸಾಲುಗಳಲ್ಲಿ ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ ಬರೆದರಾಯಿತು.